ಜಾಂಬಿಯಾದ ಚಲುವಮ್ಮ

ನಟರಾಜ ಜಾಂಬಿಯಾಕ್ಕೆ ಹೋದ ಮೇಲೆ ನಂಜನಗೂಡಿನ ಆ ಮನೆಯಲ್ಲಿ ಭಾನುವಾರ ರಾತ್ರಿಯ ಊಟಕ್ಕೆ ಯಾರೂ ಮೊದಲು ಕೂರುವಂತಿರಲಿಲ್ಲ. ಅವನ ಫೋನ್ ಬರಬೇಕು, ಅಲ್ಲಿ ಅವನು ಏನು ಉಂಡ ಎಂದು ತಾಯಿ ಚಲುವಮ್ಮನಿಗೆ ತಿಳಿಯಬೇಕು, ಆಮೇಲೇ ಇಲ್ಲಿ ತಟ್ಟೆ ಹಾಕುವುದು. ಮುದುಕಿಯ ಕಾನೂನು ಅದು. ಅವಳ ಗಂಡ ಗೋವಿಂದಯ್ಯ ಲೈನ್‌ಮನ್ ಆಗಿದ್ದವನು, ಸಿಡಿಲು ಮಳೆಯಲ್ಲೂ ಕಂಬ ಹತ್ತಿದವನು. ಹೆಂಡತಿಯ ಕಾನೂನಿಗೆ ಮಾತ್ರ ಒಂದು ದಿನವೂ ಎದುರಾಡಿದವನಲ್ಲ.

"ಏನ್ಲಾ ಉಂಡೆ ಮಗಾ?"

"ಮುದ್ದೆ ಕನವ್ವ."

"ಆ ಬೆಳ್ಳನೇ ಮುದ್ದೇನೇಯಾ?"

"ಊಂ, ಮುಸುಕಿನ ಜೋಳದ್ದು. ಜತೇಲಿ ಕುಂಬಳದ ಸೊಪ್ಪು. ಕಳ್ಳೆಕಾಯ್ ಪುಡಿ ಆಕವ್ರೆ."

"ನುಂಗ್ತಾರೋ ಅಗೀತಾರೋ?"

"ಅಗೀತಾರೆ. ನಾನು ನುಂಗೋದ್ ನೋಡಿ ಮ್ವೀಂಬನ ಮಕ್ಳು ಗಂಟ್ಲಿಗೆ ಸಿಕ್ಕಾಕತದೆ ಅಂತ ಬೆನ್ ತಟ್ತವೆ."

ಮ್ವೀಂಬ ಅವನ ಗೆಳೆಯ. ನಟರಾಜ ಇಲ್ಲಿಯ ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಹದಕ್ಕೆ ಬಂತೇ ಎಂದು ಕಾಯುವ ಕೆಲಸದಲ್ಲಿದ್ದ. ಈಗ ಮಜಬೂಕಾ ಎಂಬ ಊರಲ್ಲಿ, ಕಬ್ಬಿನ ಬಯಲಿನ ನಡುವಿನ ಕಾರ್ಖಾನೆಯಲ್ಲಿ ಅದೇ ಕೆಲಸ. ಇಬ್ಬರದೂ ಒಂದೇ ಪಾಳಿ. ಮ್ವೀಂಬನ ಬೈಕಿನಲ್ಲೇ ಹೋಗುವುದು, ಬರುವುದು. ಭಾನುವಾರ ಅವನು ಚರ್ಚಿನಿಂದ ಬಂದ ಮೇಲೆ ಇಬ್ಬರೂ ಫುಟ್ಬಾಲ್ ನೋಡಲು ಮೈದಾನಕ್ಕೆ ಹೋಗುತ್ತಾರೆ. ನಟರಾಜ ಅವನಿಗೆ ಉಪ್ಸಾರು ಕಲಿಸಿದ್ದಾನೆ. ಅವನು ಇವನಿಗೆ ಕೆರೆಯ ಸಣ್ಣ ಒಣಮೀನು ಹುರಿಯುವುದನ್ನು ಕಲಿಸಿದ್ದಾನೆ. ಇಷ್ಟೆಲ್ಲ ಸುದ್ದಿ ವಾರವಾರವೂ ಮನೆಗೆ ಬರುತ್ತಿತ್ತು. ಚಲುವಮ್ಮ ಅವನನ್ನು 'ಮೀಂಬ' ಎಂದು ಕರೆದು, ಅದನ್ನೇ ಬೀದಿಗೆಲ್ಲ ಹಂಚುತ್ತಿದ್ದಳು.

ಯುಗಾದಿ ಕಳೆದ ಮೇಲೆ ಫೋನಿನ ದಾರಿ ತಪ್ಪಿತು. ನೆಟ್ವರ್ಕ್ ಇಲ್ಲ, ಕರೆಂಟ್ ಇಲ್ಲ ಎಂದು ನಟರಾಜ ಬರೀ ದನಿಯಲ್ಲಿ ಎರಡು ಮಾತಾಡಿ ಇಟ್ಟುಬಿಡುತ್ತಿದ್ದ. ಒಂದು ಸಲ ವೀಡಿಯೊದಲ್ಲಿ ಮುಖ ಕಂಡಾಗ ಹಿಂದಿನ ಗೋಡೆ ಹಸಿರಾಗಿತ್ತು. ಅವನ ಕೋಣೆಯ ಗೋಡೆ ಬಿಳಿ. ಹಗ್ಗದ ಮೇಲೆ ಹೂವಿನ ಚಿತ್ತಾರದ ಹೆಂಗಸಿನ ಬಟ್ಟೆ ಒಣಗುತ್ತಿತ್ತು. ಒಳಗಿಂದ ಯಾರೋ ಹೆಂಗಸು ಏನೋ ಕೂಗಿ ಹೇಳಿದಳು.

"ಇದ್ಯಾರ ಮನೆ?" ಎಂದು ಅವನ ಹೆಂಡತಿ ಇಂದ್ರಾಣಿ ಕೇಳಿದ್ದಳು.

"ಮ್ವೀಂಬಂದು ಕಣೆ. ಊಟಕ್ಕೆ ಕರುದಿದ್ರು."

ಮುಂದಿನ ವಾರವೂ ಹಸಿರು ಗೋಡೆ, ಅದರ ಮುಂದಿನ ವಾರವೂ ಅದೇ. ಇಷ್ಟು ದಿನ ಊಟಕ್ಕೆ ಕರೆಯುವವರು ಯಾರಪ್ಪ? ಇಂದ್ರಾಣಿ ಬಾಯಿ ಬಿಡಲಿಲ್ಲ. ಅವಳು ಗಾರ್ಮೆಂಟ್ಸಿನಲ್ಲಿ ಹೊಲಿಗೆ ತಪ್ಪು ಹಿಡಿಯುವ ಚೆಕರ್. ತಪ್ಪು ಕಣ್ಣಿಗೆ ಬಿದ್ದರೆ ಅವಳು ಅದನ್ನು ಮರೆಯುವವಳಲ್ಲ.

ದಸರಾ ರಜ ಶುರುವಾಗುವ ವಾರ ನಟರಾಜನ ತಮ್ಮ ಗುರು, ಗೂಡ್ಸ್ ಆಟೋ ಓಡಿಸುವವನು, ಮಧ್ಯಾಹ್ನದ ಊಟಕ್ಕೆ ಬಂದವನು ತಟ್ಟೆಗೆ ಕೈ ಹಾಕಲೇ ಇಲ್ಲ. ಅತ್ತಿಗೆ ಕೆಲಸಕ್ಕೆ ಹೋಗಿದ್ದಾಳೆ ಎಂಬುದನ್ನು ಖಚಿತ ಮಾಡಿಕೊಂಡು ಫೋನನ್ನು ತಾಯಿಯ ಮುಂದೆ ಹಿಡಿದ. ಅಣ್ಣನ ಹೆಸರು ಜೋಡಿಸಿ ಅಲ್ಲಿಯವರು ಯಾರೋ ಫೇಸ್‌ಬುಕ್ಕಿಗೆ ಹಾಕಿದ್ದ ಫೋಟೊ. ನಟರಾಜ ಹಸಿಗೂಸೊಂದನ್ನು ಎದೆಗೆ ಅವಚಿಕೊಂಡು ನಿಂತಿದ್ದಾನೆ. ಹಿಂದೆ ಹಸಿರು ಗೋಡೆ. ಪಕ್ಕದ ಮಂಚದಲ್ಲಿ ಬಾಣಂತಿ.

"ಯಾರ್ಲಾ ಇದು?"

"ಕೆಳಗೆ ಇಂಗ್ಲೀಷ್ನಲ್ಲಿ ಬರೆದವ್ರೆ ಕನವ್ವ. 'ನಮ್ಮ ಚಲುವಮ್ಮ ಬಂದಳು' ಅಂತ."

"ಏನಂತ?"

"ಚಲುವಮ್ಮ ಅಂತ. ನಿನ್ ಎಸ್ರೇಯಾ."

ಚಲುವಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋನ್ ಇಸಿದುಕೊಂಡಳು. ಹದಿನಾರು ಎಂಬ ಅವಳ ತವರೂರಿನಲ್ಲಿ ಅಜ್ಜಿಯ ಹೆಸರು ಮೊಮ್ಮಗಳಿಗೆ, ಅಜ್ಜನ ಹೆಸರು ಮೊಮ್ಮಗನಿಗೆ. ರಕ್ತ ಇದ್ದಲ್ಲಿಗೆ ಹೆಸರು ಹೋಗುತ್ತದೆ. ಹಾದಿಬೀದಿಯ ಕೂಸಿಗೆ ಯಾರಾದರೂ ತಾಯಿಯ ಹೆಸರು ಇಡುತ್ತಾರೆಯೇ? ಅವಳ ತಲೆಗೆ ಬೇರೆ ಯಾವ ಲೆಕ್ಕವೂ ಹೊಳೆಯಲಿಲ್ಲ. ಗುರುವಿಗೂ ಹೊಳೆಯಲಿಲ್ಲ.

ಇಲ್ಲಿ ಹಳೆಯ ಗಾಯವೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಇಂದ್ರಾಣಿಗೆ ಮಗಳು ಹುಟ್ಟಿದಾಗ ಚಲುವಮ್ಮ ತನ್ನ ಹೆಸರಿಡಿ ಎಂದು ಕೇಳಿದ್ದಳು. ಬುದ್ಧ ವಿಹಾರದಲ್ಲಿ ಹೆಸರಿಡುವ ದಿನ ಗೋವಿಂದಯ್ಯ, ಇಂದ್ರಾಣಿ ಇಬ್ಬರೂ ಸೇರಿ ಯಶೋಧರಾ ಎಂದು ಇಟ್ಟರು. "ಆ ಹೆಸ್ರು ಇಟ್ರೆ ಸ್ಕೂಲಲ್ಲಿ ಮಕ್ಳು ಆಡ್ಕೋತಾರೆ ಅತ್ತೆ" ಎಂದು ಇಂದ್ರಾಣಿ ನಕ್ಕಿದ್ದಳು. ನಕ್ಕಿದ್ದು ತಪ್ಪು, ಬಿಡಿ. ಆದರೆ ಚಲುವಮ್ಮ ಮಾಡಿದ್ದು ಅದಕ್ಕಿಂತ ದೊಡ್ಡದು. ನಟರಾಜ ಕೂಸಾಗಿದ್ದಾಗ ಉಟ್ಟಿದ್ದ ಬೆಳ್ಳಿಯ ಉಡುದಾರವನ್ನು ಮೊಮ್ಮಗಳಿಗೆ ಕೊಡದೆ ಟ್ರಂಕಿನ ತಳಕ್ಕೆ ತಳ್ಳಿದಳು. "ನನ್ ಎಸ್ರು ಬ್ಯಾಡ್ದವ್ರಿಗೆ ನನ್ ಬೆಳ್ಳಿ ಯಾಕೆ?" ಎಂದಳು. ಆ ಕೂಸು ಯಶು ಈಗ ಎರಡನೇ ಕ್ಲಾಸು.

"ಅತ್ಗೇಗೆ ಏಳ್ಬೇಕಲ್ವಾ ಅವ್ವ?" ಎಂದ ಗುರು.

"ಬಾಯ್ ಮುಚ್ಕೊಂಡು ಉಣ್ಣು. ನಾನ್ ಏಳು ಅಂದಾಗ ಏಳುವಂತೆ."

ಅವಳು ಹೇಳಲಿಲ್ಲ. ಭಾನುವಾರ ಮಧ್ಯಾಹ್ನ ಇಂದ್ರಾಣಿ ಓವರ್‌ಟೈಮ್ ಮುಗಿಸಿ ಬಂದಾಗ ಅತ್ತೆ ನಲ್ಲಿಯ ಬಳಿ ಕುಕ್ಕರಗಾಲಲ್ಲಿ ಕೂತು ಹುಣಸೆಹಣ್ಣು ಹಚ್ಚಿ ಉಡುದಾರ ಉಜ್ಜುತ್ತಿದ್ದಳು.

"ಯಾರಿಗೆ ಅತ್ತೆ ಅದು?"

"ಯಾರ್ಗೂ ಇಲ್ಲ. ಕಪ್ಪಾಗಿತ್ತು, ತೊಳುದೆ."

"ಯಶು ಹುಟ್ಟಿದಾಗಿಂದ ಕಪ್ಪಾಗೇ ಇತ್ತು."

"ನಿಂಗ್ಯಾಕಮ್ಮಿ ಅದೆಲ್ಲ? ಓಗಿ ಕೈಕಾಲ್ ತೊಳ್ಕೊ."

ಯಶು ಬಾಗಿಲಲ್ಲಿ ನಿಂತು ಅಜ್ಜಿಯ ಕೈಯನ್ನೇ ನೋಡುತ್ತಿದ್ದವಳು, "ಆಫ್ರಿಕಾ ಪಾಪೂಗೆ ಕಣಮ್ಮ! ಚಿಕ್ಕಪ್ಪನ ಫೋನಲ್ಲಿ ಅದೆ. ಅಪ್ಪ ಎತ್ಕೊಂಡವ್ರೆ" ಎಂದಳು.

ಗುರು ಫೋನ್ ಕೊಡಲೇಬೇಕಾಯಿತು. ಇಂದ್ರಾಣಿ ಚಿತ್ರವನ್ನು ದೊಡ್ಡದು ಮಾಡಿ ಗೋಡೆ ನೋಡಿದಳು, ಬಾಣಂತಿಯನ್ನು ನೋಡಿದಳು, ಕೆಳಗಿನ ಅಕ್ಷರ ಓದಿದಳು.

"ಯಾವಾಗಿಂದ ಗೊತ್ತು ಅತ್ತೆ ನಿಮ್ಗೆ?"

"ಮೊನ್ನೆ ಮೊನ್ನೆಯಿಂದ."

"ಮೊನ್ನೆಯಿಂದ ನನ್ ಕೈಲಿ ಬಡಿಸ್ಕೊಂಡು ಉಂಡ್ರಲ್ಲ! ಒಂದ್ ಮಾತು ಹೇಳೋಕೆ ಬಾಯಿ ಬರ್ಲಿಲ್ವಾ?"

"ಏನಂತ ಏಳ್ಲಿ? ಗಂಡ್ಸು, ದೂರ ದೇಸ, ಒಬ್ನೇ ಅವ್ನೆ. ಆಗೋದ್ ಆಗೋಗದೆ. ಆ ಕೂಸು ಏನ್ ಪಾಪ ಮಾಡದೆ? ಅವ್ನು ಏನೇ ಮಾಡುದ್ರೂ..." ಚಲುವಮ್ಮನ ಕಣ್ಣು ತುಂಬಿತು, "ನನ್ ಎಸ್ರು ಮಡಗವ್ನೆ ಕನಮ್ಮಿ."

ಹಾಳು ಬಾಯಿ! ಮೊದಲ ಅರ್ಧಕ್ಕೇ ನಿಲ್ಲಿಸಿದ್ದರೆ ಜಗಳವಾಗಿ ಮುಗಿಯುತ್ತಿತ್ತೇನೋ. ಕೊನೆಯ ಮಾತು ಕೇಳಿದ ಮೇಲೆ ಇಂದ್ರಾಣಿ ಜಗಳವನ್ನೇ ಆಡಲಿಲ್ಲ. ಒಳಗೆ ಹೋಗಿ ಯಶುವಿನ ಬಟ್ಟೆ ಬ್ಯಾಗಿಗೆ ತುಂಬಿದಳು. ಗಂಡನ ನಂಬರನ್ನು ಬ್ಲಾಕ್ ಮಾಡಿದಳು. ಒಲೆಯ ಮೇಲೆ ಅವರೆಕಾಳಿನ ಸಾರು ಕುದಿಯುತ್ತಿತ್ತು, ಅದನ್ನು ಆರಿಸಿ, ಮಗಳ ಕೈ ಹಿಡಿದು ನರಸೀಪುರದ ಬಸ್ಸು ಹತ್ತಿದಳು. ಬೀದಿಯವರು ಕೇಳಿದರೆ ರಜಕ್ಕೆ ತವರಿಗೆ ಹೋಗಿದ್ದಾಳೆ ಎನ್ನಲು ಚಲುವಮ್ಮನಿಗೆ ದಸರಾ ಅನುಕೂಲವಾಯಿತು.

ಅಂದು ಯಾರೂ ಸರಿಯಾಗಿ ಉಣ್ಣಲಿಲ್ಲ. ಸಂಜೆ ನಟರಾಜನ ಫೋನ್ ಬಂದಾಗ ಗೋವಿಂದಯ್ಯ ಹೆಂಡತಿಯ ಕೈಗೆ ಕೊಡದೆ ತಾನೇ ಎತ್ತಿದ. ಸದಾ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವನು ಅವತ್ತು ನೇರ ಕೇಳಿದ.

"ಲೇ ನಟರಾಜ, ಒಂದೇ ಮಾತು. ಆ ಕೂಸು ನಿಂದಾ?"

"ಯಾವ ಕೂಸಪ್ಪ?"

"ನಿಮ್ಮವ್ವನ ಎಸ್ರಿಂದು."

ಅತ್ತ ಕಡೆ ನಗು ಬಂತು. ಆಮೇಲೆ ನಗು ನಿಂತಿತು. "ಅಪ್ಪಾ, ಅದು ಮ್ವೀಂಬನ ಮಗು! ಇಂದ್ರಾಣಿ ಎಲ್ಲವ್ಳೆ? ಅವ್ಳ ಫೋನ್ ಓಯ್ತಾನೇ ಇಲ್ಲ. ಅವ್ಳು ನೋಡುದ್ಲಾ?"

ಆಗ ಎಲ್ಲ ಹೊರಗೆ ಬಿತ್ತು. ಯುಗಾದಿಯಾದ ಮೇಲೆ ನಟರಾಜನಿಗೆ ಮಲೇರಿಯಾ ಬಂದಿತ್ತು. ಕೋಣೆಯಲ್ಲಿ ಒಬ್ಬನೇ ಬಿದ್ದಿದ್ದವನನ್ನು ಮ್ವೀಂಬ ತನ್ನ ಮನೆಗೆ ಹೊತ್ತೊಯ್ದ. ಅವನ ಹೆಂಡತಿ ಮುಟಿಂಟಾ, ಬಸುರಿ ಹೆಂಗಸು, ಗಂಜಿ ಕುಡಿಸಿ, ಮೈ ಒರೆಸಿ ಉಳಿಸಿಕೊಂಡಳು. ಜ್ವರದಲ್ಲಿ ಇವನು ಅವ್ವಾ ಅವ್ವಾ ಎಂದು ಒಂದೇ ಸಮನೆ ಕನವರಿಸುತ್ತಿದ್ದನಂತೆ. ಎದ್ದು ಕೂತ ಮೇಲೆ ಅವಳು ನಿನ್ನ ತಾಯಿಯ ಹೆಸರೇನು ಎಂದು ಕೇಳಿದಳು, ಇವನು ಹೇಳಿದ. ಅಲ್ಲಿ ಗೆಳೆಯನನ್ನು ನೆಂಟನನ್ನಾಗಿ ಮಾಡಿಕೊಳ್ಳುವ ದಾರಿಯೇ ಅದು, ಅವನ ಕಡೆಯ ಹೆಸರನ್ನು ತಮ್ಮ ಮಗುವಿಗೆ ಇಡುವುದು. ಮನೆಯವರು ಹೆದರುತ್ತಾರೆ ಎಂದು ಜ್ವರ ಮುಚ್ಚಿಟ್ಟವನಿಗೆ ಹೆಸರಿನ ಸುದ್ದಿ ಹೇಳುವುದಕ್ಕೂ ಬಾಯಿ ಇಲ್ಲವಾಗಿತ್ತು.

ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡ ಚಲುವಮ್ಮ, "ಅಂಗಾರೆ ಕೂಸು ನಮ್ದಲ್ವಾ?" ಎಂದಳು.

ಗೋವಿಂದಯ್ಯನಿಗೆ ಸಿಟ್ಟು ನೆತ್ತಿಗೇರಿತು. "ಮಗ ಸಾಯೋದ್ರಿಂದ ಉಳ್ಕಂಡವ್ನೆ, ಮರ್ಯಾದೆ ಉಳುಸ್ಕಂಡವ್ನೆ. ಅದ ಬುಟ್ಟು ನಮ್ದಲ್ವಾ ಅಂತೀಯಲ್ಲೇ! ಮನೇಲಿದ್ದ ಸೊಸೇನ ಕಳ್ಕೊಂಡು ಕೂತಿದ್ದೀಯೆ, ತಿಳೀತದಾ ನಿಂಗೆ?"

ಗಂಡ ಹಾಗೆ ಕೂಗಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಉಡುದಾರವನ್ನು ಸೆರಗಿನ ಗಂಟಿಗೆ ಹಾಕಿಕೊಂಡು ಮೂಲೆಯಲ್ಲಿ ಕೂತು ಅತ್ತಳು. ಮಗನಿಗೆ ಜ್ವರ ಬಂದಿತ್ತೆಂದು ಅತ್ತಳೋ, ಕೂಸು ತನ್ನದಲ್ಲವೆಂದು ಅತ್ತಳೋ, ಅವಳಿಗೇ ಗೊತ್ತಿರಲಿಲ್ಲ.

ಗುರು ನರಸೀಪುರಕ್ಕೆ ಹೋಗಿ ಅತ್ತಿಗೆಗೆ ನಿಜ ಹೇಳಿದ. ಇಂದ್ರಾಣಿ ಗಂಡನೊಂದಿಗೆ ಮಾತಾಡಿದಳು, ಬೈದಳು, ಜ್ವರ ಮುಚ್ಚಿಟ್ಟದ್ದಕ್ಕೆ ಮತ್ತೆ ಬೈದಳು, ಕೊನೆಗೆ ಇಬ್ಬರೂ ಅತ್ತರು. ಅಷ್ಟಾದರೂ ಅವಳು ನಂಜನಗೂಡಿಗೆ ಬರಲಿಲ್ಲ.

ರಜ ಮುಗಿಯುವ ಮುಂಚೆ ಚಲುವಮ್ಮ ಒಂದು ಚಿಪ್ಪು ರಸಬಾಳೆ ಹಿಡಿದು ತಾನೇ ನರಸೀಪುರಕ್ಕೆ ಹೊರಟಳು. ಇಂದ್ರಾಣಿಯ ತಾಯಿ ಸಾಕಮ್ಮ ಹಾಸ್ಟೆಲಿನಲ್ಲಿ ಅಡುಗೆ ಮಾಡುವವಳು, ನೂರು ಮಕ್ಕಳಿಗೆ ಬಡಿಸಿದ ಕೈ. ಬೀಗಿತ್ತಿಯನ್ನು ನೋಡಿ ಮುಖ ಗಂಟು ಹಾಕಿದರೂ ತಟ್ಟೆ ಹಾಕಿದಳು.

"ಮೊದ್ಲು ಉಣ್ಣಿ ಬೀಗ್ರೇ. ಜಗಳ ಆಮ್ಯಾಕೆ. ನಮ್ಮನೇಲಿ ಹಸ್ಕೊಂಡು ಯಾರೂ ಜಗಳ ಆಡಂಗಿಲ್ಲ."

ಹುರುಳಿಕಾಳಿನ ಬಸ್ಸಾರು, ಮುದ್ದೆ. ಚಲುವಮ್ಮ ಎರಡು ತುತ್ತು ನುಂಗಿ, "ನಡಿಯಮ್ಮಿ ಮನೆಗೆ" ಎಂದಳು. "ಎಲ್ಲ ಗೊತ್ತಾಯ್ತಲ್ಲ. ನನ್ ಮಗ ಅಂತೋನಲ್ಲ ಅಂತ ಸಾಬೀತಾಯ್ತಲ್ಲ."

ಇಂದ್ರಾಣಿ ಎದುರಿಗೆ ಕೂತಳು. "ನಿಮ್ ಮಗ ಅಂಥೋರಲ್ಲ. ಅವ್ರ ಮೇಲೆ ನಂಗೆ ಸಿಟ್ಟಿಲ್ಲ ಅತ್ತೆ. ಅವ್ರು ಅಂಥೋರು ಅಂತ ನೀವು ನಂಬುದ್ರಲ್ಲ."

"ನೀನೂ ನಂಬುದ್ಯಲ್ಲ!"

"ನಂಬ್ದೆ. ನಂಬಿ ಸತ್ತೆ. ನೀವು ನಂಬಿ ಖುಷಿ ಪಟ್ರಿ. ಬೆಳ್ಳಿ ತೊಳುದ್ರಿ. ನಾನು ಕೆಲ್ಸದಿಂದ ಬಂದು ನಿಮ್ಗೆ ಬಡಿಸ್ತಿದ್ರೆ, ನೀವು ನನ್ ಮುಖ ನೋಡ್ಕೊಂಡು ಒಳಗೇ ಖುಷಿ ಪಡ್ತಿದ್ರಿ. ನನ್ ಬಾಳು ಮುಳುಗೋಗಿದ್ರೂ ನಿಮ್ಗೆ ನಿಮ್ ಹೆಸ್ರು ಉಳುದ್ರೆ ಸಾಕಾಗಿತ್ತು. ಅಲ್ವಾ ಅತ್ತೆ?"

ಚಲುವಮ್ಮ ಕೈ ತೊಳೆದು, ಸೆರಗಿನ ಗಂಟು ಬಿಚ್ಚಿ, "ಬಾ ಕೂಸೇ" ಎಂದು ಯಶುವನ್ನು ಹತ್ತಿರ ಕರೆದಳು. ಲಂಗದ ಮೇಲೆ ಉಡುದಾರ ಸುತ್ತಿದಳು. ಎರಡೂ ತುದಿಗಳ ನಡುವೆ ಗೇಣುದ್ದ ಜಾಗ ಉಳಿಯಿತು. ಮುದುಕಿ ಎಳೆದಳು, ಯಶು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡಳು, ಆದರೂ ಕೊಂಡಿ ಕೂಡಲಿಲ್ಲ.

"ಬಿಡಿ ಅತ್ತೆ. ಅವ್ಳಿಗೆ ನೋವಾಗ್ತದೆ. ಅದು ಆಗೋ ಕಾಲ ಮುಗುದೋಯ್ತು."

ಚಲುವಮ್ಮ ಅದನ್ನು ತಟ್ಟೆಯ ಪಕ್ಕದಲ್ಲೇ ಬಿಟ್ಟು ಎದ್ದಳು. ಬಸ್‌ಸ್ಟ್ಯಾಂಡಿನವರೆಗೆ ಸಾಕಮ್ಮ ಜೊತೆಗೆ ಬಂದಳು. ಬಸ್ಸು ಹತ್ತುವಾಗ, "ಸ್ಕೂಲ್ ಸುರುವಾದ್ರೆ ಬತ್ತಾಳೆ. ಬಂದ್ಮೇಲೆ ನೀವು ಬಾಯಿ ಬಿಗಿ ಹಿಡೀರಿ" ಎಂದಳು.

ಇಂದ್ರಾಣಿ ಬಂದಳು. ಯಶುವಿನ ಸ್ಕೂಲು, ತನ್ನ ಕೆಲಸ, ಬರದೆ ಇನ್ನೇನು ಮಾಡುತ್ತಾಳೆ? ಆದರೆ ಬಂದ ದಿನವೇ ಒಂದು ಸಣ್ಣ ಸ್ಟವ್ ತಂದು ನಡುಮನೆಯ ಕಿಟಕಿಯ ಕೆಳಗೆ ಇಟ್ಟಳು. "ನಂದು ಯಶೂದು ಇಲ್ಲೇ ಬೇಯಿಸ್ಕೋತೀನಿ" ಎಂದಳು. ಅಷ್ಟೇ. ಕೂಗಾಟವಿಲ್ಲ. ಗುರುವಿನ ಬಟ್ಟೆ ಒಗೆದಳು, ಮಾವನ ಮಾತ್ರೆ ತಂದಳು, ಅತ್ತೆಗೆ ಸ್ನಾನಕ್ಕೆ ನೀರು ಕಾಯಿಸಿಟ್ಟಳು. ಅನ್ನ ಮಾತ್ರ ಬೇರೆ. ಕೂಗಾಡಿದ್ದರೆ ಚಲುವಮ್ಮ ತಡೆದುಕೊಳ್ಳುತ್ತಿದ್ದಳು. ಒಂದು ಸೂರಿನಡಿ ಎರಡು ಒಗ್ಗರಣೆಯ ವಾಸನೆಯನ್ನು ತಡೆದುಕೊಳ್ಳಲು ಅವಳಿಂದ ಆಗಲಿಲ್ಲ. ಊಟವೇ ಕಡಿಮೆ ಮಾಡಿದಳು.

ಗೋವಿಂದಯ್ಯನ ಪಾಡು ಹೇಳುವಂತಿರಲಿಲ್ಲ. ಹೆಂಡತಿಯ ಸಾರು ಒಂದು ಬಟ್ಟಲು, ಸೊಸೆಯ ಸಾರು ಒಂದು ಬಟ್ಟಲು, ಯಾವುದನ್ನೂ ಬಿಡುವಂತಿಲ್ಲ.

"ಯಾವ್ದು ಚೆನ್ನಾಗದೆ?" ಎಂದು ಚಲುವಮ್ಮ ಕೇಳಿದರೆ, "ಎರಡ್ರಲ್ಲೂ ಉಪ್ಪದೆ" ಎನ್ನುತ್ತಿದ್ದ.

ಭಾನುವಾರದ ಫೋನಿನಲ್ಲಿ ನಟರಾಜ, "ಏನುಂಡ್ರವ್ವ?" ಎಂದು ಕೇಳಿದರೆ ಅವಳು ಮಾತು ಮರೆಸುತ್ತಿದ್ದಳು. ಇಂದ್ರಾಣಿಯೂ ಅವನಿಗೆ ಹೇಳಿರಲಿಲ್ಲ.

ಉಡುದಾರ ಏನಾಯಿತು ಎಂದು ಕೇಳುವ ಧೈರ್ಯ ಚಲುವಮ್ಮನಿಗೆ ಇರಲಿಲ್ಲ. ನರಸೀಪುರದಲ್ಲೇ ಇರಬೇಕು ಎಂದುಕೊಂಡಿದ್ದಳು.

ಚಳಿ ಶುರುವಾದ ಒಂದು ಭಾನುವಾರ ಸಂಜೆ ಇಂದ್ರಾಣಿಯ ಫೋನ್ ಗುಂಯ್‌ಗುಟ್ಟಿತು. ನಟರಾಜ ಪಾಳಿಯಲ್ಲಿದ್ದ. ಫೋನ್ ಮಾಡಿದ್ದು ಮುಟಿಂಟಾ. ದುಂಡು ಮುಖ, ತಲೆಗೆ ಕಟ್ಟಿದ ಬಟ್ಟೆ, ಹಿಂದೆ ಅದೇ ಹಸಿರು ಗೋಡೆ. ಇಂದ್ರಾಣಿ ಪಿಯುಸಿಯ ಇಂಗ್ಲಿಷನ್ನು ತಡವರಿಸುತ್ತಾ ಜೋಡಿಸಿದಳು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು, "ಅತ್ತೆ, ನಿಮ್ಮನ್ನ ನೋಡ್ಬೇಕಂತೆ" ಎಂದಳು. ತವರಿನಿಂದ ಬಂದ ಮೇಲೆ ಅವಳು ತಾನಾಗಿ ಅತ್ತೆಯನ್ನು ಕರೆದದ್ದು ಅದೇ ಮೊದಲು.

ಮುಟಿಂಟಾ ಮಗುವನ್ನು ಎತ್ತಿ ತೋರಿಸಿದಳು. ಕೊಬ್ಬಿದ ಕೂಸು, ಬಾಯಲ್ಲಿ ಜೊಲ್ಲು. ಬರಿ ಹೊಟ್ಟೆಯ ಕೆಳಗೆ ಬೆಳ್ಳಿ ಹೊಳೆಯುತ್ತಿತ್ತು. ಚಲುವಮ್ಮ ಫೋನಿನ ಹತ್ತಿರ ಮುಖ ಒಯ್ದಳು. ಕೊಂಡಿಯ ಪಕ್ಕದ ಗುಂಡು ಒಂದು ಸೊಟ್ಟಗಿದೆ, ನಟರಾಜ ಹಲ್ಲು ಬಂದಾಗ ಕಚ್ಚಿದ್ದು.

"ಇದು... ಇದು ಅಲ್ಲಿಗೆ ಎಂಗೋಯ್ತು?"

"ಇವ್ರ ಕಾರ್ಖಾನೆಗೆ ಮೈಸೂರಿಂದ ಒಬ್ರು ಹೊರಟಿದ್ರು. ಕೊಟ್ ಕಳ್ಸ್ದೆ."

"ನೀನಾ?"

"ಆ ಹೆಂಗಸು ನನ್ ಗಂಡನ ಮೈ ಒರೆಸಿ ಉಳಿಸ್ಕೊಟ್ಟವ್ಳೆ ಅತ್ತೆ. ಬೆಳ್ಳಿ ಏನ್ ಮಹಾ."

ಮುಟಿಂಟಾ ಏನೋ ಕೇಳಿದಳು. ಇಂದ್ರಾಣಿ ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಅತ್ತೆಯ ಕಡೆ ತಿರುಗಿದಳು.

"ಏನಂತೆ?" ಎಂದಳು ಚಲುವಮ್ಮ.

"ಯಾರ ಹೆಸ್ರು ಇಟ್ಟವ್ರೋ ಅವ್ರು ಎಂಥೋರು ಅಂತ ಮಗೂಗೆ ಹೇಳಿ ಬೆಳೆಸ್ಬೇಕಂತೆ. ನೀವು ಎಂಥೋರು ಅಂತ ನನ್ನ ಕೇಳ್ತಾವ್ರೆ." ಇಂದ್ರಾಣಿಯ ದನಿ ಗಟ್ಟಿಯಾಯಿತು. "ನಾನೇನ್ ಹೇಳ್ಲಿ ಅತ್ತೆ? ನೀವೇ ಹೇಳಿ."

ಗೋವಿಂದಯ್ಯ ಪೇಪರ್ ಮಡಚಿಟ್ಟ. ಗುರು ಮುಖ ಆಚೆ ತಿರುಗಿಸಿದ. ಅಲ್ಲಿ ಮುಟಿಂಟಾ ನಗುನಗುತ್ತಾ ಕಾಯುತ್ತಿದ್ದಳು.

"ಸಾರು ಚೆನ್ನಾಗ್ ಮಾಡ್ತಾಳೆ ಅನ್ನು" ಎಂದು ಶುರು ಮಾಡಿದ ಚಲುವಮ್ಮ ಅಷ್ಟಕ್ಕೇ ನಿಲ್ಲಿಸಿದಳು. ಕೂಸು ಕಾಲು ಒದ್ದಾಗಲೆಲ್ಲ ಬೆಳ್ಳಿ ಮಿನುಗುತ್ತಿತ್ತು. ಯಶು ಅಜ್ಜಿಯ ತೊಡೆಗೆ ಒರಗಿ ಅದನ್ನೇ ನೋಡುತ್ತಿದ್ದಳು.

"ಬ್ಯಾಡ. ಸೊಸೆ ವಟ್ಟೆ ಉರುಸ್ದೋಳು ಅಂತ ಏಳು. ಎಸ್ರಿನ ಆಸೆಗೆ ಮನೇಲಿದ್ದ ಮೊಮ್ಮಗಳಿಗೆ ಬೆಳ್ಳಿ ಕೊಡ್ದೇ ಇದ್ದೋಳು ಅಂತ ಏಳು. ಇದ್ದುದ್ದ ಇದ್ದಂಗೇ ಏಳವ್ವ. ನನ್ ಎಸ್ರ ಒತ್ಕಂಡು ಬೆಳೀಬೇಕು ಅದು, ಸುಳ್ ಏಳ್ಬ್ಯಾಡ."

ಇಂದ್ರಾಣಿ ಫೋನಿನ ಕಡೆ ತಿರುಗಿ, ಪದಪದ ಹುಡುಕಿ ಇಂಗ್ಲಿಷಿನಲ್ಲಿ ಹೇಳಿದಳು. ಮುಟಿಂಟಾಳ ನಗು ನಿಂತಿತು. ಅವಳು ಕಣ್ಣರಳಿಸಿ ಮುದುಕಿಯನ್ನು ನೋಡಿದಳು, ಏನೋ ಮೆಲ್ಲಗೆ ಅಂದಳು, ಮಗುವಿನ ಕೈಯಿಂದ ಟಾಟಾ ಮಾಡಿಸಿ ಫೋನ್ ಇಟ್ಟಳು.

"ಏಳುದ್ಯಾ?"

"ಹೇಳ್ದೆ."

"ಅಂಗೇಯಾ?"

"ಹಂಗೇ. ಒಂದು ಅಕ್ಷರ ಬಿಡ್ಲಿಲ್ಲ." ಇಂದ್ರಾಣಿ ಕಣ್ಣು ಒರೆಸಿಕೊಂಡಳು. "ಇದನ್ನ ಅವ್ರೇ ಬಾಯ್ಬಿಟ್ಟು ಒಪ್ಕೊಂಡ್ರು ಅಂತ್ಲೂ ಸೇರ್ಸ್ದೆ."

ಗೋವಿಂದಯ್ಯ ಗಂಟಲು ಸರಿಮಾಡಿಕೊಂಡ. "ಅಂಗಾರೆ ಇವತ್ತು ಒಂದೇ ಸಾರಾ ಮಗಾ?"

"ಇಲ್ಲ ಮಾವ. ಇವತ್ತು ಎರಡೂ ಆಗೋಗದೆ," ಎಂದು ಇಂದ್ರಾಣಿ ಕಿಟಕಿಯ ಕೆಳಗಿನ ತನ್ನ ಸ್ಟವ್‌ನತ್ತ ಹೋದಳು. "ನಾಳೆ ನೋಡೋಣ."